ಚಾಮಯ್ಯ ಮೇಷ್ಟ್ರನ್ನು ಪ್ರಶ್ನಿಸುವ ಹಕ್ಕು

ಪುಟ್ಟಣ್ಣ ಕಣಗಾಲರ ಚಿತ್ರಗಳಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದು ಎಂಬ ಮಾತು ನಮ್ಮ ಮನೆಯಲ್ಲಿ ಎದ್ದರೆ, ಉಂಡ ಕೈ ಒಣಗಿದರೂ ಮುಗಿಯುವುದಿಲ್ಲ. ನನ್ನ ಅತ್ತಿಗೆಗೆ ‘ಗೆಜ್ಜೆಪೂಜೆ’ಯ ಮುಂದೆ ಬೇರೆ ಚಿತ್ರವೇ ಇಲ್ಲ. ಎದುರುಮನೆಯ ನಿವೃತ್ತ ತಹಸೀಲ್ದಾರರು ಚಿತ್ರದುರ್ಗದಲ್ಲಿ ಓದಿದವರು, ಆದ್ದರಿಂದ ‘ನಾಗರಹಾವು’ ಅವರ ಸ್ವಂತ ಊರಿನ ಆಸ್ತಿ. ತಂಗಿಯ ಮಗಳು ಮನೋರೋಗ ವಿಭಾಗದಲ್ಲಿ ನರ್ಸ್. ಅವಳು ‘ಶರಪಂಜರ’ವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಇಷ್ಟರವರೆಗೆ ಮಾತು ಬಿಸಿಯಾಗಿಯೇ ಸಾಗುತ್ತದೆ. ಹಾಗಾದರೆ ಅವರ ಚಿತ್ರಗಳಲ್ಲಿ ಕೆಟ್ಟದ್ದು ಯಾವುದು ಎಂದು ನಾನು ಕೇಳಿದೊಡನೆ ಎಲ್ಲರ ದನಿಯೂ ತಗ್ಗುತ್ತದೆ. “ಬಿಡಿ ಮೇಡಂ, ದೊಡ್ಡವರ ವಿಷಯ. ಹೋದವರ ಬಗ್ಗೆ ನಾವ್ಯಾಕೆ ಹಾಗೆಲ್ಲ ಮಾತಾಡಬೇಕು?” ಎನ್ನುತ್ತಾರೆ ತಹಸೀಲ್ದಾರರು.

ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಪುಟ್ಟಣ್ಣನವರು 1985ರ ಜೂನ್ 5ರಂದು ತೀರಿಕೊಂಡಾಗ ‘ಮಸಣದ ಹೂವು’ ಅರ್ಧಕ್ಕೆ ನಿಂತಿತ್ತು. ಅದನ್ನು ಕೆ.ಎಸ್.ಎಲ್. ಸ್ವಾಮಿಯವರು ಪೂರ್ಣಗೊಳಿಸಿದರು. ಕೆಲಸದ ನಡುವೆಯೇ ಎದ್ದು ಹೋದವರ ಲೆಕ್ಕ ಕೇಳಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೂ ನಾನು ಕೇಳುತ್ತೇನೆ, ಏಕೆಂದರೆ ನನಗೆ ಇದು ಸಿನಿಮಾದ ಪ್ರಶ್ನೆಯಾಗಿ ಉಳಿದಿಲ್ಲ. ನಾವು ಪ್ರೀತಿಸುವವರನ್ನು ಪರೀಕ್ಷಿಸಬಹುದೆ? ಪರೀಕ್ಷಿಸಿದರೆ ಆ ಪ್ರೀತಿ ಕಡಿಮೆಯಾಯಿತೆಂದು ಅರ್ಥವೆ?

ನಾನು ಹಾಸನದ ಕಡೆಯ ಜೈನರ ಮನೆಯಲ್ಲಿ ಬೆಳೆದವಳು. ನಮ್ಮ ತಾತ ಬಸದಿಗೆ ಹೋಗಿಬಂದು ದೇವಾಗಮ ಸ್ತೋತ್ರವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಆಚಾರ್ಯ ಸಮಂತಭದ್ರರ ಆ ಕೃತಿಗೆ ಆಪ್ತಮೀಮಾಂಸೆ ಎಂಬ ಇನ್ನೊಂದು ಹೆಸರೂ ಇದೆ. ಸ್ತೋತ್ರವೆಂದ ಮೇಲೆ ಹೊಗಳಿಕೆ ಇರಬೇಕು. ಆದರೆ ಅದು ಶುರುವಾಗುವುದೇ ಒಂದು ತಕರಾರಿನಿಂದ. ದೇವತೆಗಳು ಇಳಿದು ಬಂದು ಸೇವೆ ಮಾಡಿದರು, ಚಾಮರ ಬೀಸಿದರು, ಆಕಾಶದಲ್ಲಿ ನಡೆದಾಡಿದ್ದಾಯಿತು ಎಂಬ ಕಾರಣಕ್ಕೆ ನಾನು ಜಿನನನ್ನು ದೊಡ್ಡವನೆಂದು ಒಪ್ಪಲಾರೆ, ಅಂಥ ಆಡಂಬರ ಮಾಯಾವಿಗಳಲ್ಲೂ ಕಾಣುತ್ತದೆ ಎಂಬುದು ಆಚಾರ್ಯರ ನಿಲುವು. ಯಾರ ಮಾತನ್ನು ಪ್ರಮಾಣವೆಂದು ಹಿಡಿಯಬೇಕು ಎಂಬುದನ್ನು ಅವರು ನೂರಕ್ಕೂ ಹೆಚ್ಚು ಕಾರಿಕೆಗಳಲ್ಲಿ ಒರೆಗೆ ಹಚ್ಚುತ್ತಾರೆ. ಯಾರ ಮುಂದೆ ಕೈಮುಗಿದಿದ್ದಾರೋ ಅವನನ್ನೇ ಪರೀಕ್ಷಿಸುತ್ತಾರೆ. ಆ ಪರೀಕ್ಷೆಯೇ ಅವರ ಪೂಜೆ.

ತೀರ್ಥಂಕರನಿಗೆ ಸಲ್ಲುವ ಈ ಗೌರವ ಒಬ್ಬ ಸಿನಿಮಾ ನಿರ್ದೇಶಕನಿಗೂ ಸಲ್ಲಬೇಕು ಎಂದು ನನ್ನ ವಾದ. ನೂರು ದಿನ ಓಡಿತು, ಥಿಯೇಟರ್ ತುಂಬಿತು, ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಇಟ್ಟಿದೆ ಎನ್ನುವುದೆಲ್ಲ ಚಾಮರ ಬೀಸಿದ ಲೆಕ್ಕ. ಅದಕ್ಕಾಗಿ ಪುಟ್ಟಣ್ಣ ನನಗೆ ದೊಡ್ಡವರಲ್ಲ.

ಮತ್ತೆ ಯಾತಕ್ಕಾಗಿ? ಮೊದಲು ‘ಶರಪಂಜರ’ವನ್ನೇ ತೆಗೆದುಕೊಳ್ಳುತ್ತೇನೆ. ತ್ರಿವೇಣಿಯವರು 1963ರಲ್ಲೇ ಹೋಗಿಬಿಟ್ಟಿದ್ದರು. ಅವರ ಕಾದಂಬರಿ ಚಿತ್ರವಾದದ್ದು 1971ರಲ್ಲಿ. ಮದುವೆಗೆ ಮುಂಚಿನ ಒಂದು ಘಟನೆಯ ಪಾಪಪ್ರಜ್ಞೆಯನ್ನು ಒಳಗೇ ಇಟ್ಟುಕೊಂಡ ಕಾವೇರಿ, ಹೆರಿಗೆಯ ನಂತರ ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುತ್ತಾಳೆ. ಆಸ್ಪತ್ರೆ ಅವಳನ್ನು ಗುಣಪಡಿಸಿ ಕಳಿಸುತ್ತದೆ. ಮನೆ ಮತ್ತು ನೆರೆಹೊರೆ ಸೇರಿ ಅವಳನ್ನು ಮತ್ತೆ ಆಸ್ಪತ್ರೆಗೆ ತಳ್ಳುತ್ತವೆ. ನನ್ನ ತಂಗಿಯ ಮಗಳು ಹೇಳುವುದಿಷ್ಟು: “ದೊಡ್ಡಮ್ಮ, ಕಾವೇರಿಯಾಗಿ ಕಲ್ಪನಾ ಕಿರುಚುವ ದೃಶ್ಯವನ್ನೇ ಎಲ್ಲರೂ ಹೇಳ್ತಾರೆ. ನನಗೆ ಅದಲ್ಲ. ಗುಣವಾಗಿ ಬಂದವಳು ಸುಮ್ಮನೆ ನಕ್ಕರೂ, ಚೆನ್ನಾಗಿರೋ ಸೀರೆ ಉಟ್ಟರೂ ಮನೆಯವರ ಕಣ್ಣು ಅವಳ ಮೇಲೆ ಹೋಗುತ್ತಲ್ಲ, ಅದನ್ನ ನಾನು ದಿನಾ ನೋಡ್ತೀನಿ. ನಮ್ಮಲ್ಲಿಂದ ಡಿಸ್ಚಾರ್ಜ್ ಆದವರನ್ನ ಮನೆಯವರು ಹಾಗೇ ನೋಡೋದು.” ಅವಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ತೆಗೆದ ಚಿತ್ರ ಅವಳ ವಾರ್ಡಿನ ಬಾಗಿಲಲ್ಲಿ ಇಂದಿಗೂ ನಿಜವಾಗಿ ನಿಂತಿದೆ. ಕಾವೇರಿಯ ಎರಡನೆಯ ಕುಸಿತಕ್ಕೆ ಯಾರು ಯಾರು ಎಷ್ಟೆಷ್ಟು ಕಾರಣ ಎಂಬುದನ್ನು ಪುಟ್ಟಣ್ಣ ಒಂದೊಂದೇ ಹೆಜ್ಜೆಯಾಗಿ ತೋರಿಸುತ್ತಾರೆ. ಅಡುಗೆಮನೆಯ ಪಿಸುಮಾತು, ಗಂಡ ಸತೀಶನ ಅನುಮಾನ, ಅವನ ಬೇರೆ ಸಂಬಂಧ, ಯಾವುದನ್ನೂ ಅವರು ಮುಚ್ಚಿಡುವುದಿಲ್ಲ. ಕೊನೆಗೆ ಅವಳು ಕಿರುಚಿದಾಗ, ಅಷ್ಟು ಹೊತ್ತೂ ಗುಣವಾಗಿದ್ದವಳು ಅವಳೊಬ್ಬಳೇ ಎಂದು ನಮಗೆ ಗೊತ್ತಾಗಿರುತ್ತದೆ. ನೋವಿಗೆ ಕಾರಣ ಕೊಡುವ ಈ ಪ್ರಾಮಾಣಿಕತೆ ಪುಟ್ಟಣ್ಣನವರ ಅತಿ ದೊಡ್ಡ ಗುಣ.

ಈಗ ‘ಎಡಕಲ್ಲು ಗುಡ್ಡದ ಮೇಲೆ’. ಭಾರತೀಸುತರ ಕಾದಂಬರಿ, 1973ರ ಚಿತ್ರ. ಯುದ್ಧದಲ್ಲಿ ಗಾಯಗೊಂಡು ಬಂದ ಗಂಡನಿಂದ ದೇಹದ ಸುಖ ಸಿಗದ ಮಾಧವಿ ಒಬ್ಬ ತರುಣನತ್ತ ವಾಲುತ್ತಾಳೆ. ಜಯಂತಿಯವರು ಆ ಪಾತ್ರ ಮಾಡಿದ್ದನ್ನು ನೋಡಿದ ಯಾರೂ ಮಾಧವಿಯನ್ನು ಸುಲಭವಾಗಿ ಕೆಟ್ಟವಳೆನ್ನಲಾರರು. ಅಂದಿನ ಕನ್ನಡ ಸಿನಿಮಾದಲ್ಲಿ ಗೃಹಿಣಿಯೊಬ್ಬಳ ದೇಹಕ್ಕೂ ಹಸಿವಿದೆ ಎಂದು ಮರ್ಯಾದೆಯಿಂದ ಹೇಳುವುದಕ್ಕೆ ಗಟ್ಟಿ ಗುಂಡಿಗೆ ಬೇಕಿತ್ತು. ಆದರೆ ಅಷ್ಟು ದೂರ ಅವಳ ಕೈಹಿಡಿದು ನಡೆಸಿದ ಚಿತ್ರ ಕೊನೆಗೆ ಅವಳ ಬದುಕನ್ನೇ ಮುಗಿಸಿಬಿಡುತ್ತದೆ. ಮಾಧವಿ ಹೋದಳು, ಅವಳೆತ್ತಿದ ಪ್ರಶ್ನೆಯೂ ಹೋಯಿತು, ಪ್ರೇಕ್ಷಕ ನಿಶ್ಚಿಂತೆಯಾಗಿ ಮನೆಗೆ ಹೋಗಬಹುದು.

“ಅವಳ ಕರ್ಮ ಅವಳು ಉಂಡಳು” ಎನ್ನುತ್ತಾರೆ ಅತ್ತಿಗೆ. ಇಲ್ಲಿ ನನ್ನ ತಕರಾರಿದೆ. ನಮ್ಮ ದರ್ಶನದಲ್ಲಿ ಕರ್ಮಕ್ಕೆ ಫಲ ಹಂಚುವ ದೇವರಿಲ್ಲ. ಮನಸ್ಸಿನ ಕಷಾಯ, ಅಂದರೆ ಕೋಪ ಲೋಭಗಳಂಥ ವಿಕಾರ, ಎಷ್ಟು ತೀವ್ರವೋ ಕರ್ಮ ಅಷ್ಟು ಬಿಗಿಯಾಗಿ ಜೀವಕ್ಕೆ ಅಂಟುತ್ತದೆ, ಕಾಲ ಬಂದಾಗ ತಾನೇ ಉದಯಿಸುತ್ತದೆ. ನಡುವೆ ನ್ಯಾಯಾಧೀಶನಿಲ್ಲ. ಆದರೆ ಕಥೆಯಲ್ಲಿ ಒಬ್ಬನಿದ್ದಾನೆ. ಯಾರು ಬದುಕಬೇಕು, ಯಾರು ಸಾಯಬೇಕು, ಯಾರಿಗೆ ಬುದ್ಧಿ ಕೆಡಬೇಕು ಎಂಬುದನ್ನು ಕೂತು ತೀರ್ಮಾನಿಸುವವನು ಒಬ್ಬ ಮನುಷ್ಯ. ಆದ್ದರಿಂದ ಪಾತ್ರದ ಸಾವನ್ನು ಅದರ ಕರ್ಮದ ಮೇಲೆ ಹಾಕಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಆ ಫಲ ಪಾತ್ರದ ಬದುಕಿನ ಒಳಗಿನಿಂದ ಮೂಡಿತೋ, ಮೇಲಿನಿಂದ ಒಂದು ಕೈ ಬಂದು ಇಟ್ಟಿತೋ ಎಂದು ನೋಡಲೇಬೇಕು. ಕಾವೇರಿಯದು ಒಳಗಿನಿಂದ ಬಂದದ್ದು. ಮಾಧವಿಯದು ಮೇಲಿನಿಂದ ಬಂದ ತೀರ್ಪು. ಕಾದಂಬರಿಯಿಂದ ಬಂದ ಕಥೆ ಎನ್ನುವುದು ಪೂರ್ತಿ ಉತ್ತರವಲ್ಲ. ಆ ಕಥೆಯನ್ನು ಆರಿಸಿಕೊಂಡವರು, ಚಿತ್ರದ ಕೊನೆಯ ಮಾತು ತಮ್ಮದಾಗಿರಬೇಕು ಎಂದು ಹಟ ಹಿಡಿಯುವಷ್ಟು ಸ್ವತಂತ್ರರಾಗಿದ್ದವರು ಪುಟ್ಟಣ್ಣನವರೇ. ‘ನಾಗರಹಾವು’ ಚಿತ್ರ ಅದರ ಮೂಲ ಕಥೆ ಬರೆದ ತರಾಸು ಅವರಿಗೇ ಒಪ್ಪಿಗೆಯಾಗಲಿಲ್ಲ ಎಂಬುದನ್ನು ಮರೆಯಬಾರದು.

ತಹಸೀಲ್ದಾರರು ಸುಮ್ಮನಿರುವವರಲ್ಲ. “ಮೇಡಂ, 1973ರಲ್ಲಿ ಅಷ್ಟೇ ಸಾಧ್ಯವಿತ್ತು. ಮಾಧವಿ ಸಾಯದೇ ಇದ್ದಿದ್ದರೆ ಜನ ಚಿತ್ರವನ್ನೇ ಒಪ್ಪುತ್ತಿರಲಿಲ್ಲ. ಸಾಯಿಸಿಯಾದರೂ ಅವಳ ಕಥೆ ಹೇಳಿದರಲ್ಲ!” ಈ ಮಾತಿನಲ್ಲಿ ಸತ್ಯವಿದೆ. ನಾನು ಟೂರಿಂಗ್ ಟಾಕೀಸಿನಲ್ಲಿ ಅಮ್ಮನ ಪಕ್ಕ ಕೂತು ಚಿತ್ರ ನೋಡಿದವಳು. ಪಾತ್ರ ಸತ್ತ ಮೇಲೆಯೇ ಹೆಂಗಸರು ಅವಳಿಗಾಗಿ ಅಳುವ ಧೈರ್ಯ ಮಾಡುತ್ತಿದ್ದರು. ಬದುಕಿರುವವಳಿಗಾಗಿ ಅತ್ತರೆ ಅವಳ ಪಕ್ಷ ಹಿಡಿದಂತಾಗುತ್ತಿತ್ತು. ಆದರೆ ಕಾಲದ ಮೇಲೆ ಎಲ್ಲವನ್ನೂ ಹೊರಿಸಲು ಪುಟ್ಟಣ್ಣನವರೇ ಬಿಡುವುದಿಲ್ಲ. 1967ರಲ್ಲಿ ಬಂದ ಅವರ ‘ಬೆಳ್ಳಿಮೋಡ’ದಲ್ಲಿ, ಆಸ್ತಿಗೆ ವಾರಸುದಾರನಾಗಿ ತಮ್ಮನೊಬ್ಬ ಹುಟ್ಟಿದನೆಂದು ತನ್ನನ್ನು ಕೈಬಿಟ್ಟ ಮೋಹನನನ್ನು ಇಂದಿರಾ ಅವನ ಕಷ್ಟಕಾಲದಲ್ಲಿ ಉಪಚರಿಸುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯಾಗು ಎಂದಾಗ ಒಲ್ಲೆ ಎನ್ನುತ್ತಾಳೆ. ಅವಳು ಸಾಯಲಿಲ್ಲ, ಅವಳಿಗೆ ಹುಚ್ಚು ಹಿಡಿಯಲಿಲ್ಲ. ಜನ ಒಪ್ಪಿದರು.

“ಇಂದಿರಾ ತಪ್ಪೇ ಮಾಡಲಿಲ್ಲವಲ್ಲೇ!” ಎಂದರು ಅತ್ತಿಗೆ. ನಮ್ಮ ಇಡೀ ವಾದದಲ್ಲಿ ಅತ್ಯಂತ ಬೆಲೆಯುಳ್ಳ ಮಾತು ಇದೇ ಎಂದು ನನ್ನ ಭಾವನೆ. ಬೇಡ ಎಂದವಳು ಬದುಕಿದಳು, ಬೇಕು ಎಂದವಳು ಸತ್ತಳು. ‘ಗೆಜ್ಜೆಪೂಜೆ’ಯ ಚಂದ್ರಾ ಬಯಸಿದ್ದು ಕುಲದ ಕಸುಬು ಬಿಟ್ಟು ಒಂದು ಸಂಸಾರವನ್ನು ಮಾತ್ರ, ಅವಳಿಗೂ ಸಾವೇ ಸಿಕ್ಕಿತು. ಪುಟ್ಟಣ್ಣನವರ ಕರುಣೆ ಅಪಾರವಾದದ್ದು, ಆದರೆ ಅದು ನೊಂದವಳ ಕಣ್ಣೀರಿನವರೆಗೆ ಬಂದಷ್ಟು ಸರಾಗವಾಗಿ ಅವಳ ಆಸೆಯವರೆಗೆ ಬರಲಿಲ್ಲ. ಭಾವವನ್ನು ತುತ್ತತುದಿಗೆ ಒಯ್ಯಬೇಕೆಂಬ ಅವರ ಹಂಬಲವೇ ಕಾವೇರಿಯ ಆ ಕೊನೆಯ ದೃಶ್ಯವನ್ನು ಕೊಟ್ಟಿತು. ಅದೇ ಹಂಬಲವೇ ಮಾಧವಿಯನ್ನು ತುದಿಯಿಂದಾಚೆಗೆ ದೂಡಿತು. ಅವರ ಗುಣ ಮತ್ತು ದೋಷಕ್ಕೆ ಬೇರು ಒಂದೇ. ಒಂದನ್ನು ಹೊಗಳಿ ಇನ್ನೊಂದನ್ನು ಮರೆತರೆ ನಾವು ಹೊಗಳಿದ್ದು ಏನನ್ನು ಎಂಬುದೇ ನಮಗೆ ತಿಳಿದಿರುವುದಿಲ್ಲ.

ಇಷ್ಟಾದ ಮೇಲೆ ತಹಸೀಲ್ದಾರರ ‘ನಾಗರಹಾವಿ’ಗೆ ಬರುತ್ತೇನೆ, ಏಕೆಂದರೆ ದೊಡ್ಡವರನ್ನು ಪ್ರಶ್ನಿಸಬಹುದೆ ಎಂಬುದೇ ಆ ಚಿತ್ರದ ಹೃದಯ. ಊರೆಲ್ಲ ಹಾವೆಂದು ದೂರ ಇಟ್ಟ ರಾಮಾಚಾರಿಗೆ ಚಾಮಯ್ಯ ಮೇಷ್ಟ್ರ ಮಾತೊಂದೇ ಪ್ರಮಾಣ. ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದರು ಮೇಷ್ಟ್ರು. ಅವನು ಕಾರಣ ಪರೀಕ್ಷಿಸಲಿಲ್ಲ, ಬಿಟ್ಟುಕೊಟ್ಟ. ಮುಂದೊಂದು ದಿನ ಅದೇ ಅಲಮೇಲು ಮೈಮಾರುವ ಸ್ಥಿತಿಗೆ ಬಂದಿರುವುದನ್ನು ಕಣ್ಣಾರೆ ಕಾಣುತ್ತಾನೆ. ಆಮೇಲೆ ಅವನು ಪ್ರೀತಿಸಿದ ಮಾರ್ಗರೆಟ್‌ಳನ್ನೂ ಬಿಡು ಎಂದು ಮೇಷ್ಟ್ರು ಬೆಟ್ಟದ ಮೇಲೆ ಬಂದಾಗ, ಹಿಂದಿನ ಮಾತಿನ ಫಲ ಏನಾಯಿತು ನೋಡಿ ಎಂದು ಅವನು ಕೇಳುವುದು ದ್ವೇಷದಿಂದಲ್ಲ. ಅವನಷ್ಟು ಆ ಮೇಷ್ಟ್ರನ್ನು ಪ್ರೀತಿಸಿದವರು ಊರಿನಲ್ಲಿ ಯಾರೂ ಇಲ್ಲ. ಕೆ.ಎಸ್. ಅಶ್ವಥ್ ಅವರ ಮುಖ ಆ ಹೊತ್ತಿಗೆ ಸೋಲುವುದನ್ನು ನೋಡಿ. ತನ್ನ ಶಿಷ್ಯ ಸರಿಯಾಗಿಯೇ ಕೇಳುತ್ತಿದ್ದಾನೆ ಎಂದು ಗುರುವಿಗೆ ಗೊತ್ತಿದೆ. ನನ್ನ ತಾತ ಹೇಳಿಕೊಳ್ಳುತ್ತಿದ್ದ ಸ್ತೋತ್ರದ ವಿಷಯವೇ ಚಿತ್ರದುರ್ಗದ ಬಂಡೆಗಳ ಮೇಲೆ ನಡೆಯುತ್ತಿದೆ ಎನಿಸುತ್ತದೆ ನನಗೆ. ಕನ್ನಡ ಸಿನಿಮಾದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಕೇಳಿದವರನ್ನು ನಾನು ಕಂಡಿಲ್ಲ.

ಆಮೇಲೆ ಏನಾಗುತ್ತದೆ? ಮೇಷ್ಟ್ರು ಬಿದ್ದು ಸಾಯುತ್ತಾರೆ. ಅವರ ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಹಾರುತ್ತಾರೆ. ಪ್ರಶ್ನೆ ಕೇಳಿದವನೂ ಇಲ್ಲ, ಉತ್ತರ ಕೊಡಬೇಕಾದವರೂ ಇಲ್ಲ. ಗುರುವನ್ನು ಪ್ರಶ್ನಿಸಿಯೂ ಶಿಷ್ಯನೊಬ್ಬ ಬದುಕಬಹುದು, ಪ್ರಶ್ನೆಗೆ ಒಳಗಾಗಿಯೂ ಗುರು ಗುರುವಾಗಿ ಉಳಿಯಬಹುದು ಎಂಬ ದಾರಿಯನ್ನು ಚಿತ್ರ ತೆರೆದು, ತಾನೇ ಮುಚ್ಚಿತು.

ಹಾಗಾದರೆ ನನ್ನ ತೀರ್ಮಾನವೇನು? ನಮ್ಮ ಜೈನರ ಅನೇಕಾಂತವನ್ನು ನಂಬುವವರು ತೀರ್ಮಾನವನ್ನೇ ಹೇಳುವುದಿಲ್ಲ, ಎಲ್ಲರದೂ ಸರಿ ಎನ್ನುತ್ತಾರೆ ಎಂದು ಕೆಲವರ ಗ್ರಹಿಕೆ. ಹಾಗಲ್ಲ. ಯಾವ ನೆಲೆಯಲ್ಲಿ ನಿಂತು ಹೇಳುತ್ತಿದ್ದೇನೆ ಎಂದು ಮೊದಲು ಹೇಳು, ಆಮೇಲೆ ನಿನ್ನ ಮಾತು ಹೇಳು ಎಂಬುದಷ್ಟೇ ಅದರ ಕಟ್ಟಳೆ. ನರ್ಸ್ ಆದ ಹುಡುಗಿಯ ನೆಲೆಯಿಂದ, ಅಮ್ಮಂದಿರ ಪಕ್ಕ ಕೂತು ಅತ್ತವರ ನೆಲೆಯಿಂದ, ಕೋಟೆಯ ಊರಿನಲ್ಲಿ ಬೆಳೆದವರ ನೆಲೆಯಿಂದ ಕಂಡದ್ದೆಲ್ಲ ಸೇರಿದ ಮೇಲೂ ತೂಕ ಹಾಕುವ ಕೆಲಸ ಉಳಿದೇ ಇರುತ್ತದೆ. ಬಾಳೆಲ್ಲ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಹೈಸ್ಕೂಲ್ ಟೀಚರ್ ಆಗಿ ನಾನು ನಿಂತು ಹೇಳುತ್ತೇನೆ: ‘ಶರಪಂಜರ’ ಅವರ ಅತ್ಯುತ್ತಮ ಚಿತ್ರ. ಬೇಕು ಎಂದ ಹೆಣ್ಣಿಗೆ ಮರಣದಂಡನೆ ಕೊಟ್ಟ ‘ಎಡಕಲ್ಲು ಗುಡ್ಡದ ಮೇಲೆ’ಯ ಅಂತ್ಯ ಅವರು ಮಾಡಿದ ಅತಿ ದೊಡ್ಡ ತಪ್ಪು. ಅದೇ ಚಿತ್ರದ ಮೊದಲರ್ಧದಷ್ಟು ಎದೆಗಾರಿಕೆಯನ್ನು ನಾನು ಬೇರೆಲ್ಲೂ ಕಾಣಲಿಲ್ಲವಾದ್ದರಿಂದಲೇ ಆ ತಪ್ಪು ಅಷ್ಟು ದೊಡ್ಡದು.

ಹೀಗೆ ಹೇಳುವಾಗ ನನ್ನ ಗೌರವ ಕಿಂಚಿತ್ತೂ ಇಳಿಯುವುದಿಲ್ಲ. ‘ಶರಪಂಜರ’ ಬಂದು ಹನ್ನೊಂದು ವರ್ಷ ಕಳೆದು 1982ರಲ್ಲಿ ‘ಮಾನಸ ಸರೋವರ’ ಮಾಡಿದಾಗ, ಬುದ್ಧಿ ಕಳೆದುಕೊಳ್ಳುವ ಸರದಿಯನ್ನು ಅವರು ವೈದ್ಯನಿಗೆ ಕೊಟ್ಟರು. ತಾನೇ ಗುಣಪಡಿಸಿದ ಹುಡುಗಿಯನ್ನು ಪ್ರೀತಿಸಿದವನು ಹುಚ್ಚನಾಗುತ್ತಾನೆ; ಅವನನ್ನು ಒಲ್ಲದೆ ಬೇರೊಬ್ಬನನ್ನು ಬಯಸಿದ ವಾಸಂತಿಗೆ ಆ ಬಯಕೆಗಾಗಿ ಶಿಕ್ಷೆಯಿಲ್ಲ. ತಮ್ಮ ಹಳೆಯ ತೀರ್ಪುಗಳನ್ನು ಪುಟ್ಟಣ್ಣನವರೇ ಮರುವಿಚಾರಣೆಗೆ ಎತ್ತಿಕೊಂಡಿದ್ದರು ಎಂದು ನಾನು ಓದಿಕೊಳ್ಳುತ್ತೇನೆ. ಐವತ್ತೆರಡನೆಯ ವರ್ಷ ತುಂಬುವ ಮೊದಲೇ ಹೋಗಿಬಿಟ್ಟವರಿಗೆ ಆ ವಿಚಾರಣೆಯನ್ನು ಮುಗಿಸಲಾಗಲಿಲ್ಲ. ಮುಗಿಸುವ ಕೆಲಸ ಈಗ ನೋಡುವವರದು. ಅವರ ಚಿತ್ರಗಳನ್ನು ಮಕ್ಕಳಿಗೆ ತೋರಿಸುವಾಗ ಹೊಗಳಿಕೆಯ ಜೊತೆಗೆ ಈ ಪ್ರಶ್ನೆಗಳನ್ನೂ ಕೊಟ್ಟರೆ ಮಾತ್ರ ನಾವು ಅವರಿಗೆ ತಕ್ಕ ಅಭಿಮಾನಿಗಳು.