ಸಹಪಾಕವೂ ಸಹಪಂಕ್ತಿಯೂ

ಅನ್ನವು ಮನುಷ್ಯರನ್ನು ಕೂಡಿಸುತ್ತದೆಯೆಂಬುದು ಎಲ್ಲ ದೇಶಗಳಲ್ಲಿಯೂ ಹಿರಿಯರು ಹೇಳುತ್ತ ಬಂದಿರುವ ಮಾತು. ಅನ್ನದ ನಿಮಿತ್ತವಾಗಿಯೇ ಮನುಷ್ಯರು ಅಗಲುವರೆಂಬುದೂ ಎಲ್ಲ ದೇಶಗಳಲ್ಲಿ ಕಂಡುಬರುವ ಸಂಗತಿ. ಇವೆರಡರಲ್ಲಿ ಅನ್ನದ ಗುಣವೆಷ್ಟು, ಉಣ್ಣುವವರ ದೋಷವೆಷ್ಟು ಎಂಬುದನ್ನು ವಿಚಾರಮಾಡುವುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಂದು ಹಳೆಯ ಸಂಪ್ರದಾಯವು ಯೋಗ್ಯವಾದ ದೃಷ್ಟಾಂತವನ್ನು ಒದಗಿಸುತ್ತದೆ.

ಆ ದೇಶದ ಕೆಲವು ಪ್ರಾಂತಗಳಲ್ಲಿ ಊರವರೆಲ್ಲ ಸೇರುವ ಸಂದರ್ಭ ಬಂದಿತೆಂದರೆ, ಬಯಲಿನಲ್ಲಿ ಒಲೆಹೂಡಿ, ಅದರ ಮೇಲೆ ದೊಡ್ಡ ಕಬ್ಬಿಣದ ಕೊಪ್ಪರಿಗೆಯನ್ನಿರಿಸಿ, ಮಾಂಸವನ್ನೂ ಕಾಯಿಪಲ್ಯಗಳನ್ನೂ ಒಟ್ಟಿಗೆ ಬಹು ಗಂಟೆಗಳ ಕಾಲ ಬೇಯಿಸುವ ಪದ್ಧತಿಯುಂಟು. ಸಾರಿಗಿಂತ ಗಟ್ಟಿಯಾಗಿರುವ ಈ ಪಾಕಕ್ಕೆ ಸ್ಟ್ಯೂ ಎಂದು ಸಾಮಾನ್ಯನಾಮ. ಇದೇ ಪಾಕವು ವರ್ಜೀನಿಯಾ ಮತ್ತು ಜಾರ್ಜಿಯಾ ಸಂಸ್ಥಾನಗಳಲ್ಲಿ ಬ್ರನ್ಸ್‌ವಿಕ್ ಸ್ಟ್ಯೂ ಎಂದೂ, ಕೆಂಟಕಿಯಲ್ಲಿ ಬರ್ಗೂ ಎಂದೂ, ವಿಸ್ಕಾನ್ಸಿನ್ ಸಂಸ್ಥಾನದ ಗ್ರೀನ್ ಬೇ ಪಟ್ಟಣದ ಸುತ್ತಮುತ್ತ ಬೂಯಾ ಎಂದೂ ಕರೆಯಲ್ಪಡುತ್ತದೆ. ಮಾಂಸಾಹಾರದ ಯುಕ್ತಾಯುಕ್ತತೆ ಈ ಲೇಖನದ ವಿಷಯವಲ್ಲವಾದುದರಿಂದ, ಅದನ್ನು ಒಲ್ಲದ ವಾಚಕರು ಕೊಪ್ಪರಿಗೆಯೊಳಗಿನ ಪದಾರ್ಥವನ್ನು ಬಿಟ್ಟು ಅದರ ಸುತ್ತ ನೆರೆದ ಜನರ ಕಡೆಗೆ ದೃಷ್ಟಿಯನ್ನು ಹರಿಸಿದರೆ ಸಾಕು.

ಬೂಯಾ ಎಂಬುದು ಬೆಲ್ಜಿಯಂ ದೇಶದಿಂದ ೧೮೫೦ರ ದಶಕದಲ್ಲಿ ವಲಸೆಬಂದ ವಲೂನ್ ಜನರ ನೆಲೆಯಲ್ಲಿ ಬೆಳೆದ ಪಾಕ. ಬೇಯಿಸಿದ ರಸವೆಂಬ ಅರ್ಥವುಳ್ಳ ಫ್ರೆಂಚ್ ಮಾತೊಂದು ಜನರ ಬಾಯಲ್ಲಿ ಸವೆದು ಈ ಹೆಸರಾಯಿತೆಂದು ಹೇಳುತ್ತಾರೆ. ಶಾಲೆಗಾಗಿ ಹಣ ಕೂಡಿಸಹೊರಟ ಒಬ್ಬ ಬಡ ಉಪಾಧ್ಯಾಯನು ಮನೆಮನೆಯಿಂದ ಕೋಳಿಯನ್ನೂ ತರಕಾರಿಯನ್ನೂ ಬೇಡಿ ತಂದು, ಬೇಯಿಸಿ, ಊರವರಿಗೆ ಉಣಬಡಿಸಿದನೆಂದೂ, ಅದರ ಪ್ರಕಟನೆಯನ್ನು ಪತ್ರಿಕೆಗೆ ಕೊಡುವಾಗ ಅಕ್ಷರವು ತಪ್ಪಿ ಈ ಹೆಸರು ನಿಂತುಹೋಯಿತೆಂದೂ ಒಂದು ಐತಿಹ್ಯವಿದೆ. ಐತಿಹ್ಯ ಹೇಗೇ ಇರಲಿ, ಇಂದಿಗೂ ಅಲ್ಲಿನ ಇಗರ್ಜಿಗಳೂ ಬೆಂಕಿ ನಂದಿಸುವ ದಳಗಳೂ ಹಣಕ್ಕಾಗಿ ಬೂಯಾ ಬೇಯಿಸುತ್ತವೆ. ೫೦ ಗ್ಯಾಲನ್, ಎಂದರೆ ಸುಮಾರು ೧೯೦ ಲೀಟರ್, ಹಿಡಿಯುವ ಕೊಪ್ಪರಿಗೆಗಳು ಅಲ್ಲಿ ಅಪರೂಪವಲ್ಲ. ಕೋಳಿ, ಗೋಮಾಂಸ, ಕೋಸು, ಗಜ್ಜರಿ, ಆಲೂಗಡ್ಡೆ, ಬಟಾಣಿ ಇವೆಲ್ಲವೂ ಅದರಲ್ಲಿ ಬೀಳುತ್ತವೆ. ಇರುಳೆಲ್ಲ ಸರದಿಯ ಮೇಲೆ ಜನರು ನಿಂತು, ದೋಣಿಯ ಹುಟ್ಟಿನಂತಹ ಉದ್ದವಾದ ಮರದ ಸೌಟಿನಿಂದ ಕದಡುತ್ತಿರುತ್ತಾರೆ.

ಕೆಂಟಕಿಯ ಬರ್ಗೂವಿಗೆ ರಾಜಕೀಯದ ಸಂಬಂಧವೂ ಉಂಟು. ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಗಳ ಭಾಷಣವೂ ಬರ್ಗೂವಿನ ಕೊಪ್ಪರಿಗೆಯೂ ಜೊತೆಯಾಗಿಯೇ ಬರುತ್ತಿದ್ದುವು. ಓಹಾಯೋ ನದಿಯ ದಡದ ಓವೆನ್ಸ್‌ಬರೋ ಪಟ್ಟಣದ ಕಡೆ ಕುರಿಮಾಂಸದ ಬರ್ಗೂ ಪ್ರಸಿದ್ಧವಾದುದು. ಬೇಸಗೆಯಲ್ಲಿ ಅಲ್ಲಿನ ಕ್ಯಾಥೊಲಿಕ್ ಇಗರ್ಜಿಗಳ ಸಂತೋಷಕೂಟಗಳು ಅದಿಲ್ಲದೆ ನಡೆಯುವುದಿಲ್ಲ.

ಹೀಗೆ ಹಲವರು ತಂದುದನ್ನು ಹಲವರು ಬೇಯಿಸಿ ಹಲವರು ಉಣ್ಣುವುದಕ್ಕೆ ಸಹಪಾಕವೆಂದು ಹೆಸರಿಡಬಹುದು. ಈಗ ಸಂಶಯವೇನೆಂದರೆ: ಒಂದೇ ಪಾತ್ರೆಯಲ್ಲಿ ಬೆಂದುದನ್ನು ಉಂಡ ಮಾತ್ರದಿಂದ ಜನರು ಒಂದಾಗುವರೆ? ಸಹಪಾಕವು ತನ್ನಷ್ಟಕ್ಕೆ ತಾನೇ ಧರ್ಮವೆನಿಸಿಕೊಳ್ಳುವುದೆ, ಅಥವಾ ಅದಕ್ಕೆ ಇನ್ನೇನಾದರೂ ಸೇರಬೇಕೆ?

ಅದು ಸಾಕೆನ್ನುವವರ ವಾದ ಹೀಗಿದೆ. ಒಬ್ಬನೇ ಬೇಯಿಸಿ ಒಬ್ಬನೇ ಉಣ್ಣುವುದನ್ನು ಪ್ರಾಚೀನರು ದೋಷವೆಂದೆಣಿಸಿದರು. ಸಹಪಾಕದಲ್ಲಿ ಆ ದೋಷವಿಲ್ಲ. ಕೋಳಿ ತಂದವನಿಗೂ ಒಂದು ಹಿಡಿ ಬಟಾಣಿ ತಂದವನಿಗೂ ಬಟ್ಟಲು ಒಂದೇ ಅಳತೆಯದು. ಬೆಂದಮೇಲೆ ಇದು ಇಂತಹವರ ಮನೆಯದೆಂದು ಗುರುತಿಸಿ ಹೇಳುವ ಬಗೆಯಿಲ್ಲವಾದುದರಿಂದ ಕೊಟ್ಟವನ ಅಹಂಕಾರಕ್ಕೂ ಅಲ್ಲಿ ಎಡೆಯಿಲ್ಲ. ಚೀಟಿ ಮಾರಿ ಹಣ ಪಡೆದರೂ ಅದು ವ್ಯಾಪಾರವೆನಿಸದು. ಏಕೆಂದರೆ ಬೇಯಿಸಿದವನ ಕೈಗೆ ಲಾಭ ಬರದೆ ಅದು ಶಾಲೆಗೋ ದೇವಾಲಯಕ್ಕೋ ಸಲ್ಲುತ್ತದೆ. ಇದಕ್ಕಿಂತ ಹೆಚ್ಚಿನ ಧರ್ಮವನ್ನು ಒಂದು ಊಟದಿಂದ ಬಯಸುವುದು ಅತ್ಯಾಶೆಯಲ್ಲವೆ?

ಈ ವಾದವು ಕೇಳುವುದಕ್ಕೆ ಇಂಪಾಗಿದೆ. ಹಲವು ಅಂಶಗಳಲ್ಲಿ ಸತ್ಯವೂ ಆಗಿದೆ. ಆದರೆ ಬ್ರನ್ಸ್‌ವಿಕ್ ಸ್ಟ್ಯೂವಿನ ಚರಿತ್ರೆಯನ್ನು ನೋಡಿದರೆ ಅದು ಅಪೂರ್ಣವೆಂದು ತಿಳಿದುಬರುತ್ತದೆ. ವರ್ಜೀನಿಯಾದವರು ಹೇಳುವ ಕಥೆ ಇದು: ೧೮೨೮ರಲ್ಲಿ ಬ್ರನ್ಸ್‌ವಿಕ್ ಜಿಲ್ಲೆಯ ಕ್ರೀಡ್ ಹ್ಯಾಸ್ಕಿನ್ಸ್ ಎಂಬ ವೈದ್ಯನು ಮಿತ್ರರೊಡನೆ ಬೇಟೆಗೆ ಹೋದನು. ಬೀಡಿನಲ್ಲಿ ಉಳಿದ ಅಡಿಗೆಯವನಾದ ಜಿಮ್ಮಿ ಮ್ಯಾಥ್ಯೂಸ್ ಎಂಬವನು ಅಳಿಲುಗಳನ್ನು ಹಿಡಿದು, ಈರುಳ್ಳಿ, ಬೆಣ್ಣೆ, ಹಳೆಯ ರೊಟ್ಟಿಗಳೊಡನೆ ನಿಧಾನವಾಗಿ ಬೇಯಿಸಿಟ್ಟನು. ಹಿಂದಿರುಗಿದ ಬೇಟೆಗಾರರು ಮೊದಲು ಮೂಗುಮುರಿದು, ರುಚಿನೋಡಿದ ಮೇಲೆ ಇನ್ನಷ್ಟು ಬಡಿಸೆಂದು ಕೇಳಿದರಂತೆ. ಜಾರ್ಜಿಯಾದವರು ಇದನ್ನು ಒಪ್ಪುವುದಿಲ್ಲ. ಅವರ ಬ್ರನ್ಸ್‌ವಿಕ್ ಪಟ್ಟಣದಲ್ಲಿ ಒಂದು ಹಳೆಯ ಕಬ್ಬಿಣದ ಪಾತ್ರೆಯನ್ನು ಸ್ಥಾಪಿಸಿ, ೧೮೯೮ನೆಯ ಜುಲೈ ೨ರಂದು ಸೇಂಟ್ ಸೈಮನ್ಸ್ ದ್ವೀಪದಲ್ಲಿ ಮೊದಲನೆಯ ಸ್ಟ್ಯೂ ಇದರಲ್ಲಿಯೇ ಬೆಂದಿತೆಂದು ಕೆತ್ತಿಸಿದ್ದಾರೆ. ವರ್ಜೀನಿಯಾದ ಶಾಸನಸಭೆಯಾದರೋ ೧೯೮೮ರಲ್ಲಿ ತನ್ನ ಜಿಲ್ಲೆಯೇ ಮೂಲಸ್ಥಾನವೆಂದು ನಿರ್ಣಯವನ್ನು ಅಂಗೀಕರಿಸಿತು.

ಈ ವಿವಾದವು ವಿನೋದಕ್ಕೆ ವಿಷಯವಾಗಿದೆ. ಆದರೆ ಅದರೊಳಗೆ ಗಂಭೀರವಾದ ಒಂದು ಸಂಗತಿ ಅಡಗಿದೆ. ಜಿಮ್ಮಿ ಮ್ಯಾಥ್ಯೂಸನು ಕೂಲಿಗೆ ನಿಂತ ಅಡಿಗೆಯವನಲ್ಲ. ಹ್ಯಾಸ್ಕಿನ್ಸನ ಒಡೆತನಕ್ಕೆ ಒಳಪಟ್ಟಿದ್ದ ಕರಿಯ ಜನಾಂಗದ ಗುಲಾಮನು. ಕಥೆಯು ನಿಜವಾದರೆ, ಪಾಕವನ್ನು ಕಂಡುಹಿಡಿದವನಿಗೆ ಆ ಪಾಕದ ಮೇಲೆ ಮಾತ್ರವಲ್ಲ, ತನ್ನ ಎರಡು ಕೈಗಳ ಮೇಲೆಯೂ ಹಕ್ಕಿರಲಿಲ್ಲ. ಇದಕ್ಕೂ ಹಿಂದೆ ಹೋದರೆ ಮುಸುಕಿನ ಜೋಳವೂ ಡಬ್ಬಲ್ ಬೀನ್ಸೂ ಅಮೆರಿಕಾ ಖಂಡದ ಮೂಲನಿವಾಸಿಗಳು ಸಾವಿರಾರು ವರ್ಷ ಬೆಳೆಸಿ ಕೊಟ್ಟ ಧಾನ್ಯಗಳು. ಬೇಟೆಯ ಮಾಂಸದೊಡನೆ ಅವುಗಳನ್ನು ಬೇಯಿಸುವುದನ್ನು ಬಿಳಿಯರು ಬರುವುದಕ್ಕೆ ಮೊದಲೇ ಅವರು ಬಲ್ಲವರಾಗಿದ್ದರು. ಎರಡು ಸಂಸ್ಥಾನಗಳು ಮೂಲಕ್ಕಾಗಿ ಹೋರಾಡುತ್ತಿರುವಾಗ, ಮೂಲದಲ್ಲಿದ್ದವರಿಗೆ ಆ ವ್ಯಾಜ್ಯದಲ್ಲಿ ಕಕ್ಷಿಗಾರರೆಂಬ ಸ್ಥಾನವೂ ಇಲ್ಲ.

ಇದರ ಜೊತೆಗೆ ಕೆಂಟಕಿಯ ಒಂದು ಸಂಗತಿಯನ್ನಿಟ್ಟು ನೋಡಬಹುದು. ಲೆಕ್ಸಿಂಗ್ಟನ್ ಪಟ್ಟಣದ ಜೇಮ್ಸ್ ಲೂನಿ ಎಂಬವನು ಬರ್ಗೂ ಬೇಯಿಸುವುದರಲ್ಲಿ ಅಷ್ಟು ನಿಪುಣನಾಗಿದ್ದನೆಂದರೆ, ಜನರು ಅವನಿಗೆ ಬರ್ಗೂ ರಾಜನೆಂಬ ಬಿರುದನ್ನು ಕೊಟ್ಟರು. ಅವನ ಗೌರವಾರ್ಥವಾಗಿ ಬರ್ಗೂ ಕಿಂಗ್ ಎಂಬ ಹೆಸರನ್ನು ಪಡೆದ ಕುದುರೆಯು ೧೯೩೨ರಲ್ಲಿ ಕೆಂಟಕಿ ಡರ್ಬಿ ಪಂದ್ಯವನ್ನು ಗೆದ್ದಿತು. ಒಂದೇ ಬಗೆಯ ಕೌಶಲ, ಒಂದೇ ಬಗೆಯ ಹೊಗೆ, ಒಂದೇ ಬಗೆಯ ಬೆವರು. ಒಬ್ಬನಿಗೆ ರಾಜನೆಂಬ ಬಿರುದು. ಇನ್ನೊಬ್ಬನ ಹೆಸರು ಒಡೆಯನ ಕಥೆಗೆ ಅಂಟಿಕೊಂಡಿದ್ದ ಕಾರಣದಿಂದ ಮಾತ್ರ ಉಳಿಯಿತು. ಹೆಸರೂ ಉಳಿಯದೆ ಹೋದ ಕೈಗಳಿಗೆ ಲೆಕ್ಕವೇ ಇಲ್ಲ.

ಗುಲಾಮಗಿರಿಯು ೧೮೬೫ರಲ್ಲಿ ರದ್ದಾಯಿತಷ್ಟೆ. ಆ ಬಳಿಕವೂ ಪಂಕ್ತಿಯು ಒಂದಾಗಲಿಲ್ಲ. ೧೯೨೬ರಲ್ಲಿ ವರ್ಜೀನಿಯಾ ಸಂಸ್ಥಾನವು ಸಾರ್ವಜನಿಕ ಸಭಾಗೃಹಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆಯಾಗಿ ಕುಳ್ಳಿರಿಸತಕ್ಕದ್ದೆಂದು ಶಾಸನವನ್ನೇ ಮಾಡಿತು. ಆ ಕಾಲದಲ್ಲಿ ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯನು ಬೇಯಿಸಿದುದನ್ನು ಬಿಳಿಯನು ಸಂತೋಷದಿಂದ ಉಣ್ಣುತ್ತಿದ್ದನು. ಅವನ ಪಕ್ಕದಲ್ಲಿ ಕುಳಿತು ಉಣ್ಣಲು ಒಪ್ಪುತ್ತಿರಲಿಲ್ಲ. ೧೯೬೦ನೆಯ ಫೆಬ್ರವರಿ ೧ರಂದು ನಾರ್ತ್ ಕೆರೊಲಿನಾ ಸಂಸ್ಥಾನದ ಗ್ರೀನ್ಸ್‌ಬರೋ ಪಟ್ಟಣದಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಒಂದು ಅಂಗಡಿಯ ಊಟದ ಕಟ್ಟೆಯ ಮುಂದೆ ಕುಳಿತರು. ಆ ಅಂಗಡಿಯಲ್ಲಿ ಅವರು ಸಾಮಾನುಗಳನ್ನು ಕೊಳ್ಳಬಹುದಾಗಿತ್ತು. ಆ ಕಟ್ಟೆಯಲ್ಲಿ ಕುಳಿತು ಉಣ್ಣುವಂತಿರಲಿಲ್ಲ. ಬಡಿಸುವುದಿಲ್ಲವೆಂದರೂ ಅವರು ಅಂಗಡಿ ಮುಚ್ಚುವವರೆಗೆ ಏಳಲಿಲ್ಲ. ಮಾರನೆಯ ದಿನ ಇನ್ನಷ್ಟು ಜನರೊಡನೆ ಮತ್ತೆ ಬಂದರು. ಇಡೀ ದೇಶದ ಊಟದ ಮನೆಗಳಲ್ಲಿ ಈ ಭೇದವನ್ನು ನಿಷೇಧಿಸಿದ ಕಾಯಿದೆ ಬಂದುದು ೧೯೬೪ರಲ್ಲಿ.

ಆ ನಾಲ್ವರು ಹಸಿವಿನಿಂದ ಬಂದವರಲ್ಲ. ಅವರು ಬೇಡಿದ್ದು ಕುಳಿತುಕೊಳ್ಳುವ ಸ್ಥಾನವನ್ನು. ಇದರಿಂದ ಸಿದ್ಧವಾಗುವುದೇನೆಂದರೆ, ಅನ್ನವನ್ನು ಹಂಚುವುದೂ ಪಂಕ್ತಿಯನ್ನು ಹಂಚುವುದೂ ಬೇರೆಬೇರೆಯಾದ ಎರಡು ಧರ್ಮಗಳು. ಮೊದಲನೆಯದನ್ನು ದಯೆಯಿಂದ ಮಾಡಬಹುದು; ಎರಡನೆಯದಕ್ಕೆ ನ್ಯಾಯಬುದ್ಧಿ ಬೇಕು. ದಯೆಯುಳ್ಳ ಒಡೆಯನು ಗುಲಾಮನಿಗೂ ಹೊಟ್ಟೆತುಂಬ ಇಕ್ಕಿದ್ದಾನು. ಅಷ್ಟರಿಂದ ಅವನು ನ್ಯಾಯವಂತನಾಗಲಿಲ್ಲ.

ಹಾಗಾದರೆ ಸಹಪಾಕವು ವ್ಯರ್ಥವೆ? ಹಾಗೆನ್ನುವುದೂ ಸರಿಯಲ್ಲ. ಅದರ ವಿಧಾನವನ್ನು ಗಮನಿಸಿದವರಿಗೆ ಅಲ್ಲಿಯೇ ಎರಡು ಪಾಠಗಳು ದೊರೆಯುತ್ತವೆ. ಕೊಪ್ಪರಿಗೆಗೆ ಎಲ್ಲವನ್ನೂ ಒಮ್ಮೆಗೇ ಸುರಿಯುವುದಿಲ್ಲ. ಗಟ್ಟಿಯಾದ ಮಾಂಸವು ಮೊದಲು, ಗಡ್ಡೆಗಳು ಆಮೇಲೆ. ಬೇಗ ತಳಹಿಡಿಯುವ ಮುಸುಕಿನ ಜೋಳವು ಕೊನೆಗೆ. ಎಲ್ಲಕ್ಕೂ ಒಂದೇ ಹೊತ್ತಿನ ಬೇಯುವಿಕೆಯನ್ನು ವಿಧಿಸಿದರೆ ಕೆಲವು ಕರಗಿಹೋಗುವುವು, ಕೆಲವು ಬೇಯದೆ ಉಳಿಯುವುವು. ಸಮತ್ವವೆಂದರೆ ಎಲ್ಲರನ್ನೂ ಒಂದೇ ಅಚ್ಚಿಗೆ ಒತ್ತುವುದೆಂದು ಹೆದರುವವರು ಇದನ್ನು ನೋಡಬೇಕು. ಪ್ರತಿಯೊಂದಕ್ಕೂ ತಕ್ಕ ಕಾಲವನ್ನು ಕೊಟ್ಟು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಉಳಿಸಿಕೊಳ್ಳುವುದು ಸಾಧ್ಯವೆಂದು ಅಡಿಗೆಯವನು ಬಲ್ಲನು.

ಎರಡನೆಯದು ಕದಡುವುದರ ಪಾಠ. ಸೌಟು ಸ್ವಲ್ಪ ಹೊತ್ತು ನಿಂತರೆ ತಳವು ಸೀಯುತ್ತದೆ. ತಳ ಸೀದರೆ ಮೇಲಿನದಕ್ಕೂ ಅದರ ವಾಸನೆ ಹತ್ತದೆ ಬಿಡುವುದಿಲ್ಲ. ಮೇಲೆ ತೇಲುವ ಭಾಗವು ತಳದ ಉರಿ ತನಗೆ ಸಂಬಂಧಿಸಿದುದಲ್ಲವೆಂದು ಇರಲಾರದು. ಸಮಾಜದ ತಳದಲ್ಲಿರುವವರನ್ನು ಮರೆತು ಮೇಲಿನವರು ಮಾಡುವ ಯಾವ ಹಬ್ಬದಲ್ಲಿಯೂ ಆ ಸೀದ ವಾಸನೆ ಇದ್ದೇ ಇರುತ್ತದೆ. ಅಭ್ಯಾಸಬಲದಿಂದ ಉಣ್ಣುವವರಿಗೆ ಅದು ತಿಳಿಯದಿರಬಹುದು, ಅಷ್ಟೆ.

ಆದಕಾರಣ ಸಹಪಾಕವು ಪೂರ್ಣಧರ್ಮವಾಗಬೇಕಾದರೆ ಅದಕ್ಕೆ ಎರಡು ಅಂಗಗಳು ಕೂಡಬೇಕು. ಬೇಯಿಸಿದವನಿಗೂ ಉಣ್ಣುವವನಿಗೂ ಒಂದೇ ಪಂಕ್ತಿ ಇರಬೇಕು. ಉಂಡವರಿಗೆ ಬೇಯಿಸಿದವನ ನೆನಪಿರಬೇಕು. ಪಂಕ್ತಿಯಿಲ್ಲದ ಕೃತಜ್ಞತೆ ಬರಿಯ ಉಪಚಾರವಾಗುತ್ತದೆ. ಕೃತಜ್ಞತೆಯಿಲ್ಲದ ಪಂಕ್ತಿಯು, ಕಾಯಿದೆಯು ನೋಡುತ್ತಿರುವವರೆಗೆ ಮಾತ್ರ ನಿಲ್ಲುತ್ತದೆ.

ಪರದೇಶದವರ ದೋಷವನ್ನು ಓದಿ ತಲೆದೂಗುವುದು ಸುಲಭ. ಪಂಕ್ತಿಭೇದವೆಂಬ ಮಾತನ್ನು ಅರ್ಥಮಾಡಿಕೊಳ್ಳುವುದಕ್ಕೆ ಕನ್ನಡಿಗನಾದವನು ನಿಘಂಟನ್ನು ತೆಗೆಯಬೇಕಾಗಿಲ್ಲ. ಮುಂದಿನ ಸಮಾರಾಧನೆಯಲ್ಲಿ ಎಲೆಯ ಮುಂದೆ ಕುಳಿತಾಗ, ಒಲೆಯ ಮುಂದೆ ನಿಂತವರು ಯಾರು, ಅವರು ಎಲ್ಲಿ ಕುಳಿತು ಯಾವಾಗ ಉಣ್ಣುವರು ಎಂದು ಒಬ್ಬ ಗೃಹಸ್ಥನಾದರೂ ಎದ್ದು ಹೋಗಿ ವಿಚಾರಿಸಿ ಬರುವುದು ಲೇಸು.