ಹೇಳಬೇಕೆ, ಬೇಡವೆ?

ಹೋದ ವರ್ಷ ಊರಿನಲ್ಲಿರುವ ನನ್ನ ಅಕ್ಕನಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ಶಸ್ತ್ರಚಿಕಿತ್ಸೆಯಾಗಿ ಈಗ ಚೇತರಿಸಿಕೊಂಡಿದ್ದಾಳೆ. ಬಿಆರ್‌ಸಿಎ-1 ಎಂಬ ಜೀನಿನಲ್ಲಿ ಹುಟ್ಟಿನಿಂದಲೇ ದೋಷವಿರುವುದು ರಕ್ತಪರೀಕ್ಷೆಯಲ್ಲಿ ಕಂಡುಬಂತು. "ಯಾರಿಗೂ ಹೇಳಬೇಡಪ್ಪ, ಮದುವೆಗೆ ಬಂದ ಹುಡುಗಿಯರಿದ್ದಾರೆ" ಎಂದು ಅಮ್ಮ ಫೋನಿನಲ್ಲಿ ಅಂದರು. ಹೇಳದಿರುವುದು ಸರಿಯೆ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಾನು ವೈದ್ಯನಲ್ಲ. ಬಿ.ಎಸ್‌ಸಿ. ಮುಗಿಸಿ ದಿಲ್ಲಿಯ ಕಚೇರಿಯೊಂದರಲ್ಲಿ ಕಡತ ನೋಡುವ ಗುಮಾಸ್ತೆ. ಓದಿ ತಿಳಿದಷ್ಟನ್ನು ಹೇಳುತ್ತೇನೆ. ಜೀವಕೋಶಗಳು ಅಂಕೆ ಮೀರಿ ಬೆಳೆಯದಂತೆ ಕಾಯುವ ಜೀನುಗಳಿವೆ. ಬಿಆರ್‌ಸಿಎ-1 ಅಂಥದು, ಮುರಿದ ಡಿ.ಎನ್.ಎ.ಯನ್ನು ಸರಿಪಡಿಸಲು ಅದು ನೆರವಾಗುತ್ತದೆ. ಅದರ ನೆಲೆ 17ನೆಯ ವರ್ಣತಂತು ಎಂದು 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ತೋರಿಸಿದರು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳು. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಅದೂ ಕೈಕೊಟ್ಟರೆ ಅಪಾಯ. ಈ 'ಎರಡು ಪೆಟ್ಟಿನ' ವಿಚಾರವನ್ನು 1971ರಲ್ಲಿ ಆಲ್ಫ್ರೆಡ್ ನಡ್ಸನ್ ಮಕ್ಕಳ ಕಣ್ಣಿನ ಗಡ್ಡೆಯ ಅಧ್ಯಯನದಿಂದ ಮುಂದಿಟ್ಟರು.

ವಿಚಿತ್ರವೆಂದರೆ, ವಂಶದಿಂದ ಬಾರದ ಕೆಲವು ಗಡ್ಡೆಗಳಲ್ಲಿ ಈ ಜೀನಿನ ಒಂದಕ್ಷರವೂ ಕೆಟ್ಟಿರುವುದಿಲ್ಲ. ಅದರ ಆರಂಭದಲ್ಲಿ ಮೀಥೈಲ್ ಗುಂಪುಗಳು ಅಂಟಿಕೊಂಡು ಅದು ಮೂಕವಾಗಿರುತ್ತದೆ. ಕಡತವೇನೋ ಬೀರುವಿನಲ್ಲಿ ಭದ್ರವಾಗಿದೆ. ಬೀರುವಿಗೆ ಬೀಗ ಬಿದ್ದಿದೆ.

ನಮ್ಮ ಮನೆಯ ಮೌನವೂ ಹೀಗೆಯೇ ಅಲ್ಲವೆ? ವಿಷಯ ಗೊತ್ತಿದೆ, ಬೇಕಾದವರಿಗೆ ತಲುಪುತ್ತಿಲ್ಲ. ಸ್ತನದ ಕ್ಯಾನ್ಸರುಗಳಲ್ಲಿ ವಂಶದಿಂದ ಬರುವಂಥವು ನೂರಕ್ಕೆ 5ರಿಂದ 10 ಮಾತ್ರ. ಆದರೆ ದೋಷವುಳ್ಳ ತಾಯಿಯಿಂದಾಗಲಿ ತಂದೆಯಿಂದಾಗಲಿ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಹೆಂಗಸರ ಕಾಯಿಲೆಯೆಂದು ಗಂಡಸರು ಕೈತೊಳೆದುಕೊಳ್ಳುವಂತಿಲ್ಲ. ನನಗೂ ಇಬ್ಬರು ಹೆಣ್ಣುಮಕ್ಕಳು.

ಅಮ್ಮನ ಭಯ ಸುಳ್ಳಲ್ಲ. ಯಾರದೂ ತಪ್ಪಲ್ಲದ ದೋಷಕ್ಕೂ ಹೆಣ್ಣನ್ನೇ ದೂರುವ ಜನ ನಮ್ಮಲ್ಲಿದ್ದಾರೆ. ತಿಳಿಯಲು ಇಷ್ಟವಿಲ್ಲದವರ ಮೇಲೆ ಹೇರುವ ಹಕ್ಕೂ ನಮಗಿಲ್ಲ. ಆದರೆ ಊರಿಗೆಲ್ಲ ಸಾರುವುದು ಬೇರೆ, ರಕ್ತ ಹಂಚಿಕೊಂಡವರಿಗೆ ತಿಳಿಸುವುದು ಬೇರೆ. ಮೊದಲೇ ತಿಳಿದರೆ ತಪಾಸಣೆಯುಂಟು, ಅಪಾಯ ತಗ್ಗಿಸುವ ದಾರಿಗಳುಂಟು. ಹಿಡಿಯುವುದು ಬಿಡುವುದು ಅವರಿಗೆ ಸೇರಿದ್ದು. ದಾರಿಯಿರುವುದನ್ನೇ ಮುಚ್ಚಿಡಲು ನಾವು ಯಾರು?

ಆದರೂ ಮಾತು ಅಕ್ಕನದು. ಅವಳನ್ನೇ ಕೇಳಿದೆ. "ನಮ್ಮ ಹುಡುಗಿಯರಿಗೆ ನಾನೇ ಹೇಳ್ತೀನಿ. ನೀನು ಬೇಕಾದರೆ ಬರಿ, ಆದರೆ ಮೊದಲು ನಿನ್ನ ರಕ್ತ ಪರೀಕ್ಷೆ ಮಾಡಿಸಿಕೊ" ಎಂದಳು.

ಸೋಮವಾರಕ್ಕೆ ರಜೆ ಬರೆದುಕೊಟ್ಟಿದ್ದೇನೆ.