ಹೊಲಿಗೆ ಕಾಣದ ಹೊಳೆ

ಚಂದ್ರಗಿರಿ ಕೋಟೆಯ ಮೇಲೆ ನಿಂತು, ಕೈಯಲ್ಲೇ ಕ್ಯಾಮರಾ ಹಿಡಿದು, ಎಡದಿಂದ ಬಲಕ್ಕೆ ತಿರುಗುತ್ತ ಹೊಳೆಯ ಏಳು ಫೋಟೋ ತೆಗೆದೆ. ಪ್ರತಿಯೊಂದರ ಮೂರನೆಯ ಒಂದು ಪಾಲು ಮುಂದಿನದರಲ್ಲೂ ಬಂದರೆ, ಕಂಪ್ಯೂಟರ್ ಸಮಾನ ಗುರುತುಗಳನ್ನು ಹುಡುಕಿ ಒಂದೇ ಉದ್ದದ ಚಿತ್ರವಾಗಿ ಹೊಲಿಯುತ್ತದೆ. ದೂರದ ತೆಂಗುಗಳು ಸರಿಯಾಗಿ ಕೂಡಿದವು. ಹತ್ತಿರದ ಕಲ್ಲುಗೋಡೆ ಮಾತ್ರ ಮುರಿದು ಕಂಡಿತು. ತಿರುಗುವಾಗ ನಾನೂ ಅರ್ಧ ಹೆಜ್ಜೆ ಸರಿದಿದ್ದೆನಲ್ಲ! ಅದನ್ನು ಕತ್ತರಿಸಿದೆ.

ತೊಡಕಾದದ್ದು ದೋಣಿಯಿಂದ. ನಾನು ತಿರುಗಿದ ಕಡೆಗೇ ಸಾಗುತ್ತಿದ್ದುದರಿಂದ ಅದು ಎರಡು ಕಡೆ ಬಿದ್ದಿತ್ತು. ಎರಡನ್ನೂ ಅಳಿಸಿದೆ. ನೀರು ಕನ್ನಡಿಯಂತಾಯಿತು.

ಆ ದೋಣಿಯವರು ನಮ್ಮ ಬ್ಯಾಂಕಿನ ಗಿರಾಕಿ. ಕೌಂಟರಿನಲ್ಲಿ ಹೆಮ್ಮೆಯಿಂದ ತೋರಿಸಿದೆ. "ಹೊಳೆ ಚೆನ್ನಾಗಿದೆ ಸಾರ್. ನನ್ನನ್ನೆಲ್ಲಿ ಮುಳುಗಿಸಿದಿರಿ?" ಎಂದರು. ಅಂದು ಅವರು ನನ್ನತ್ತ ಕೈ ಬೀಸಿದ್ದರು.

ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1850ರ ದಶಕದಲ್ಲೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸಿದ್ದ. ಅದನ್ನು ಮೋಸವೆನ್ನಲಾರೆ, ಅಂದಿನ ನೆಗೆಟಿವ್ ಒಂದರಲ್ಲೇ ಎರಡೂ ಚೆನ್ನಾಗಿ ಮೂಡುತ್ತಿರಲಿಲ್ಲ. ನನಗೆ ಅಂಥ ಅಡ್ಡಿ ಏನಿತ್ತು? ಸಿಕ್ಕಿದ ಮನುಷ್ಯನನ್ನೇ ಚಂದಕ್ಕಾಗಿ ಬಿಟ್ಟುಕೊಟ್ಟೆ. ವೋಚರಿನಲ್ಲಿ ಅಂಕಿ ತಪ್ಪಿದರೆ ನಾವು ಉಜ್ಜಿ ಅಳಿಸುವುದಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತೇವೆ. ಆ ಶಿಸ್ತು ಐದು ಗಂಟೆಗೆ ಕುರ್ಚಿಯಲ್ಲೇ ಉಳಿದುಬಿಟ್ಟಿತೇನೋ.

ಮತ್ತೆ ಹೊಲಿದೆ. ಈಗ ಎರಡು ದೋಣಿಗಳಿವೆ, ಎರಡರಲ್ಲೂ ಅವರೇ. ಕೆಳಗೆ ಹೊತ್ತು ಬರೆದಿದ್ದೇನೆ: ಸಂಜೆ 5.40ರಿಂದ 5.42.